ಉಳಿದ ಹದಿನಾರು ಎಣಿಕೆ

ಕಳೆದ ವಾರ ನ್ಯೂಜಿಲೆಂಡಿನ ನಮ್ಮ ಈ ಪೊರಿರುವಾದಲ್ಲಿ ಗಾಳಿ ಎದ್ದು ಎರಡು ದಿನ ಕರೆಂಟಿರಲಿಲ್ಲ. ಆಫೀಸಿನಿಂದ ಬಂದು ಫ್ರಿಜ್ ತೆಗೆದರೆ ಹಾಲು ಹುಳಿ ವಾಸನೆ ಹೊಡೆಯುತ್ತಿತ್ತು. ಬಾಟಲಿ ಹಿಡಿದು ಸಿಂಕಿನ ಮುಂದೆ ನಿಂತೆ. ಫ್ರಿಜ್ಜಿನ ಗುಂಯ್ ಸದ್ದಿಲ್ಲದ ಅಡುಗೆಮನೆ, ಒಡೆದ ಹಾಲಿನ ವಾಸನೆ... ಹಿಂದೆ ಇದೇ ದೇಶದ ದಕ್ಷಿಣದ ಡನೀಡಿನ್‌ನಲ್ಲಿದ್ದಾಗ ನಮ್ಮ ಪಕ್ಕದ ಮನೆಯ ಮೇಷ್ಟ್ರ ಅಡುಗೆಮನೆ ಹೀಗೇ ಇರುತ್ತಿತ್ತು.

ಮೇಷ್ಟ್ರು ಅಂತ ಕರೆದದ್ದು ನಾವು. ಅವರು ಇಂಗ್ಲೆಂಡಿನವರು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ರಚಿಸುವವರು. ಬಟ್ಟೆ ಗಿರಣಿಗಳ ಊರಿನಲ್ಲಿ ಹುಟ್ಟಿ, ಚರ್ಚಿನಲ್ಲಿ ಹಾಡುತ್ತಲೇ ಸಂಗೀತ ಕಲಿತು, ಒಂದು ಕಾಲಕ್ಕೆ ಲಂಡನ್ನಿನ ದೊಡ್ಡ ವಾದ್ಯವೃಂದಗಳು ನುಡಿಸುವಂಥದ್ದನ್ನು ಬರೆದಿದ್ದರಂತೆ. ಹೆಂಡತಿಯ ಊರು ಅಂತ ಡನೀಡಿನ್‌ಗೆ ಬಂದರು, ಯೂನಿವರ್ಸಿಟಿಯಲ್ಲಿ ಪಾಠ ಹೇಳಿ ನಿವೃತ್ತರಾದರು. ನಾವು ಅಲ್ಲಿಗೆ ಹೋಗುವ ಹೊತ್ತಿಗೆ ಹೆಂಡತಿ ತೀರಿಕೊಂಡಿದ್ದರು. ಅವರ ಸಂಗೀತವನ್ನು ಕೇಳುವವರೂ ಹೆಚ್ಚುಕಡಿಮೆ ಇಲ್ಲವಾಗಿದ್ದರು. ಆದರೂ ದಿನಾ ಬೆಳಿಗ್ಗೆ ಉಣ್ಣೆ ಟೋಪಿ ಹಾಕಿಕೊಂಡು, ಪೆನ್ಸಿಲ್ ಹೆರೆದು, ಸ್ವರ ಬರೆಯಲು ಕೂರುತ್ತಿದ್ದರು. ಯಾರಿಗಾಗಿ ಬರೆಯುತ್ತಾರೋ ಎಂದು ನಮಗೇ ಸುಸ್ತಾಗುತ್ತಿತ್ತು.

ಫ್ರಿಜ್ಜಿನ ಗುಂಯ್ ಸದ್ದು ಅವರ ಸ್ವರಗಳಿಗೆ ಅಡ್ಡ ಬರುತ್ತಿತ್ತಂತೆ. ಬರೆಯುವಾಗ ಅದರ ಸ್ವಿಚ್ ಆರಿಸಿ, ಮತ್ತೆ ಹಾಕುವುದನ್ನೇ ಮರೆತುಬಿಡುತ್ತಿದ್ದರು. ವಾರಕ್ಕೆರಡು ಸಲ ಹಾಲು ಕೆಡುತ್ತಿತ್ತು. ನಿಮ್ಮ ಬಾಟಲಿ ನಮ್ಮ ಫ್ರಿಜ್ಜಿನಲ್ಲೇ ಇರಲಿ ಅಂದೆ. ಆಗಿನ್ನೂ ನನಗೆ ಕೆಲಸ ಸಿಕ್ಕಿರಲಿಲ್ಲ, ಹಗಲೆಲ್ಲ ಮನೆಯಲ್ಲೇ. ಹತ್ತು ಗಂಟೆಗೆ ಅವರು ಕಪ್ಪು ಹಿಡಿದು ಬಂದರೆ ನನಗೂ ಮಾತಿಗೊಬ್ಬರು ಸಿಕ್ಕ ಹಾಗಾಗುತ್ತಿತ್ತು.

ಮೈಸೂರಿನಲ್ಲಿ ಆರು ವರ್ಷ ವೀಣೆ ಕಲಿತು ಬಿಟ್ಟವಳು ನಾನು. ಒಂದು ದಿನ ಮಾತಿನ ನಡುವೆ ಅದು ಹೇಗೋ ಬಾಯಿಗೆ ಬಂತು. ತಾಳ ಹಾಕಿ ತೋರಿಸು ಅಂದರು. ತೊಡೆ ತಟ್ಟಿ, ಬೆರಳು ಮಡಿಸಿ ಆದಿತಾಳ ಹಾಕಿದೆ. ನಕ್ಕುಬಿಟ್ಟರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದು ನನ್ನ ನೆನಪಿನಲ್ಲಿ ಕನ್ನಡದಲ್ಲೇ ಉಳಿದಿದೆ: "ನುಡಿಸುವಾಗ ನಾವು ಎಣಿಸೋದನ್ನ ಜೀವನಪೂರ್ತಿ ಮನಸ್ಸಲ್ಲೇ ಬಚ್ಚಿಡ್ತೀವಿ. ನೀವು ಎಲ್ಲರೆದುರಿಗೇ ಎಣಿಸ್ತೀರಲ್ಲ!"

ಅವರು ಆಗ ಬರೆಯುತ್ತಿದ್ದದ್ದು ನಾಲ್ಕು ತಂತಿವಾದ್ಯಗಳಿಗೊಂದು ಕೃತಿ. ಅದರ ನಡುವೆ ಒಂದು ಕಡೆ ಇಪ್ಪತ್ನಾಲ್ಕು ಎಣಿಕೆ ಯಾರೂ ಏನೂ ನುಡಿಸುವಂತಿಲ್ಲ. ಹೆಂಡತಿ ಹೋದ ಮೇಲಿನ ಬೆಳಗುಗಳು ಅವು, ಅಲ್ಲಿ ಬರೆಯಲು ಏನೂ ಸಿಗಲಿಲ್ಲ ಅಂದಿದ್ದರು. ಹಳೆಯ ಶಿಷ್ಯರು ನಾಲ್ವರು ಸೇರಿ ಅದನ್ನು ಒಂದೇ ಒಂದು ಸಲ ನುಡಿಸುತ್ತಾರೆ, ಅಂದೇ ರೆಕಾರ್ಡ್ ಆಗುತ್ತದೆ, ಆಮೇಲೆ ನುಡಿಸುವವರು ಯಾರೂ ಇಲ್ಲ ಎಂದೂ ಹೇಳಿದ್ದರು. ತಮ್ಮ ಪಕ್ಕದ ಕುರ್ಚಿಗೇ ನನಗೆ ಟಿಕೆಟ್ ಕೊಟ್ಟರು.

ನಾನು ಮಾಡಿದ ದಡ್ಡತನ ನೋಡಿ. ಕಚೇರಿಗೆ ಹೊರಟ ಹಾಗೆ ರೇಷ್ಮೆ ಸೀರೆ ಉಟ್ಟು, ಎರಡೂ ಕೈಗೆ ಡಜನ್ ಡಜನ್ ಹಸಿರು ಗಾಜಿನ ಬಳೆ ತೊಟ್ಟು ಹೋದೆ. ಅವರಿಗೆ ಗೌರವ ಅಂತಲೇ. ಸಂಗೀತ ಶುರುವಾಯಿತು. ಕೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕುತ್ತಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ವಾದ್ಯಗಳು ನಿಂತವು. ಇಡೀ ಹಾಲ್ ಉಸಿರು ಬಿಗಿಹಿಡಿದಿತ್ತು. ಆ ಮೌನದಲ್ಲಿ ಝಲ್, ಝಲ್... ಒಂದು ಆವರ್ತನ ಪೂರ್ತಿ, ಎಂಟು ಎಣಿಕೆ! ಮುಂದಿನ ಸಾಲಿನವರು ತಿರುಗಿ ನೋಡಿದಾಗಲೇ ನನಗೆ ಅರಿವಾದದ್ದು. ಬಳೆಗಳನ್ನು ಅದುಮಿ ಹಿಡಿದೆ. ಉಳಿದ ಹದಿನಾರು ಎಣಿಕೆ ಮುಗಿಯುವವರೆಗೂ ಮೇಷ್ಟ್ರ ಕಡೆ ನೋಡಲಿಲ್ಲ. ಮುಗಿದ ಮೇಲೂ ನೋಡದೆ ಬಸ್ಸು ಹತ್ತಿ ಬಂದುಬಿಟ್ಟೆ.

ಮರುದಿನ ಬೆಳಗಾಗುತ್ತಲೇ ಅವರ ಹಾಲಿನ ಬಾಟಲಿಯನ್ನು ಅವರ ಬಾಗಿಲ ಮುಂದಿಟ್ಟು ಬಂದೆ. ಹತ್ತು ಗಂಟೆಗೆ ನಮ್ಮ ಬಾಗಿಲು ಬಡಿದ ಸದ್ದಾಯಿತು. ಅಂದು ಭಾನುವಾರ, ನಮ್ಮವರೂ ಮನೆಯಲ್ಲಿದ್ದರು.

"ಹೋಗಿ ತೆಗಿಯೇ, ಪಾಪ ಮೇಷ್ಟ್ರು ಚಳೀಲಿ ನಿಂತಿದಾರೆ."

"ನಾನಿಲ್ಲ ಅಂದ್ಬಿಡಿ. ಯಾವ ಮುಖ ಇಟ್ಕೊಂಡು ಹೋಗ್ಲಿ?"

ಇವರು ಸುಳ್ಳು ಹೇಳಲೂ ಒಪ್ಪಲಿಲ್ಲ, ಬಾಗಿಲು ತೆಗೆಯಲೂ ಏಳಲಿಲ್ಲ. ಆ ವಾರ ಮೇಷ್ಟ್ರು ಇನ್ನೊಂದು ಸಲ ಬಂದರು. ಆಗಲೂ ನಾನು ಅಡುಗೆಮನೆಯಲ್ಲಿ ಉಸಿರು ಬಿಡದೆ ನಿಂತಿದ್ದೆ. ಆಮೇಲೆ ಬರಲಿಲ್ಲ. ಇವತ್ತು ಹೋಗೋಣ, ನಾಳೆ ಕ್ಷಮೆ ಕೇಳೋಣ ಎನ್ನುತ್ತ ಚಳಿಗಾಲ ಕಳೆಯಿತು. ನಡುವೆ ಅವರು ಆಸ್ಪತ್ರೆ ಸೇರಿದ್ದು ನನಗೆ ತಿಳಿದದ್ದು ಅವರು ಹೋದ ಮೇಲೆಯೇ.

ಮನೆ ಖಾಲಿ ಮಾಡಲು ಇಂಗ್ಲೆಂಡಿನಿಂದ ಮಗಳು ಬಂದಿದ್ದರು. ಒಂದು ಸಿ.ಡಿ. ನನ್ನ ಕೈಗಿಟ್ಟರು. ಬಳೆ ಸದ್ದನ್ನು ಅಳಿಸಿಬಿಡುತ್ತೇವೆ ಎಂದು ರೆಕಾರ್ಡಿಂಗಿನವರು ಹೇಳಿದ್ದರಂತೆ. ಅಳಿಸಕೂಡದು ಎಂದು ಮೇಷ್ಟ್ರು ಹಟ ಹಿಡಿದರಂತೆ.

"ಅಪ್ಪ ಆಸ್ಪತ್ರೆಯಲ್ಲೂ ಅದನ್ನೇ ಹೇಳ್ತಿದ್ದರು" ಅಂದರು ಮಗಳು. "ಅಷ್ಟು ಚೆನ್ನಾಗಿ ಎಣಿಸ್ತಿದ್ದಳು, ಎಂಟಕ್ಕೇ ಯಾಕೆ ನಿಲ್ಲಿಸಿದಳು? ಕೇಳೋಣ ಅಂತ ಎರಡು ಸಲ ಹೋದೆ, ಮನೇಲಿರಲಿಲ್ಲ ಅಂತ."

ಮನೆಯಲ್ಲೇ ಇದ್ದೆ ಎಂದು ಆ ಹೆಣ್ಣುಮಗಳಿಗೆ ಇವತ್ತಿಗೂ ಹೇಳಿಲ್ಲ. ಬಾಗಿಲು ತೆಗೆಯಬೇಕಿತ್ತು, ಅಷ್ಟೇ. ಅಷ್ಟು ಸಣ್ಣ ಕೆಲಸ ನನ್ನಿಂದ ಆಗಲಿಲ್ಲ.

ಸಿಂಕಿನ ಮುಂದೆ ನಿಂತಿದ್ದ ಹಾಗೆಯೇ ಕರೆಂಟು ಬಂತು, ಫ್ರಿಜ್ಜು ಮತ್ತೆ ಗುಂಯ್‌ಗುಡಲು ಶುರುಮಾಡಿತು. ಹಾಲು ಚೆಲ್ಲಿ, ಬಾಟಲಿ ತೊಳೆದಿಟ್ಟೆ. ಆ ಸಿ.ಡಿ. ಹುಡುಕಿ ಹಾಕಿದೆ. ಹಾಕುವ ಮೊದಲು ಫ್ರಿಜ್ಜಿನ ಸ್ವಿಚ್ ಆರಿಸಿದೆ. ಮೌನ ಬಂತು, ಎಂಟು ಸಲ ನನ್ನ ಬಳೆ ಸದ್ದು ಮಾಡಿ ನಿಂತಿತು. ಈಗ ನಾನು ಬಳೆ ತೊಡುವುದಿಲ್ಲ, ಆಫೀಸಿಗೆ ಹೊಂದುವುದಿಲ್ಲ. ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಬರಿಗೈಯಲ್ಲಿ, ಉಳಿದ ಹದಿನಾರನ್ನೂ ಎಣಿಸಿ ಮುಗಿಸಿದೆ. ಕೇಳಿಸಿಕೊಳ್ಳಬೇಕಾದವರು ಇರಲಿಲ್ಲ.