ತೂತು ಬಿದ್ದ ಆನೆ ಕಾಸು

ಕುರುಗೋಡಿನ ಸೋದರತ್ತೆ ದೇವರ ಜಗುಲಿಯಿಂದ ಅರಿಶಿನ ಹತ್ತಿದ, ಆನೆ ಚಿತ್ರವಿರುವ ಹಳೆಯ ತಾಮ್ರದ ಕಾಸೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟರು. ನಾಣ್ಯ ಸಂಗ್ರಹದ ಹುಚ್ಚಿರುವ ಅಣ್ಣನ ಮಗನಾದ ನನಗೆಂದೇ ತೆಗೆದಿಟ್ಟಿದ್ದರಂತೆ. ನಾನೋ, ಬಳ್ಳಾರಿಯಿಂದ ನೆಂಟರ ಮನೆಗೆ ಹೊರಟರೂ ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಳ್ಳುವ ಪಂಡಿತ! ವರಾಹ ಎಂದರೇನು, ಹೊನ್ನು ಎಂದರೇನು, ಹಣ ಯಾವುದು, ಕಾಸು ಯಾವುದು ಎಂದೆಲ್ಲ ಅತ್ತೆಗೆ ಪಾಠ ಹೇಳಿ, ಕೊನೆಗೆ ತೀರ್ಪು ಕೊಟ್ಟೆ.

“ಆನೆ ಕಾಸು ಹೌದತ್ತಿ. ಆದ್ರ ತೂತು ಬಿದ್ದೈತಿ. ನಮ್ಮ ಸಂಗ್ರಹದೋರು ಇಂಥಾದ್ದನ್ನ ಮುಟ್ಟಂಗಿಲ್ಲ,” ಎಂದು ವಾಪಸು ಕೊಟ್ಟೆ.

ಅತ್ತೆ ಚಹಾ ಸೋಸುತ್ತಲೇ ಅಂದರು: “ತಾನಾಗೇ ಬಿದ್ದಿಲ್ಲಲೇ. ನಿನ್ನ ಉಡದಾರಕ್ಕ ಕಟ್ಟಾಕ ನಿಮ್ಮಪ್ಪನೇ ತೂತು ಹೊಡಿಸಿದ್ದು. ಅದೊಂದ ಬಿಟ್ಟು ಮೈಮ್ಯಾಲ ಏನೂ ಇಲ್ದಂಗ ಓಣಿ ತುಂಬ ಓಡ್ತಿದ್ದಿ. ಈಗ ಮುಟ್ಟಂಗಿಲ್ಲಂತ!”

ನಾಚಿಕೆ ಬಿಟ್ಟು ಮತ್ತೆ ಕೈಚಾಚಿದೆ. ಅತ್ತೆ ಕೊಡಲಿಲ್ಲ. ಪಕ್ಕದಲ್ಲಿ ಆಡುತ್ತಿದ್ದ ಮೊಮ್ಮಗನ ಉಡಿದಾರಕ್ಕೆ ಅದನ್ನು ಗಂಟು ಹಾಕಿಯೇಬಿಟ್ಟರು.

ನನ್ನ ಆಲ್ಬಮ್ಮಿನಲ್ಲಿ ತೂತಿಲ್ಲದ ಕಾಸುಗಳೆಲ್ಲ ಸಾಲಾಗಿ ಕುಳಿತಿವೆ. ನಿಜಕ್ಕೂ ನನ್ನದಾಗಿದ್ದ ಒಂದೇ ಒಂದು ಕಾಸು ಮಾತ್ರ ಈಗ ಕುರುಗೋಡಿನ ಅಂಗಳದಲ್ಲಿ ಅಂಬೆಗಾಲಿಡುತ್ತಿದೆ.