ಆ್ಯಂಟೆನಾ ಅಜ್ಜ ಕೂತು ನೋಡಿದ ಪಂದ್ಯ

ಮೊಸೊರೊ ಊರಿನಲ್ಲಿ ಅದೆರ್ಬಾಲಜ್ಜ ಹತ್ತದ ಹಂಚಿನ ಮಾಡು ಯಾವುದಿದೆ ಹೇಳಿ! ಮೀಸೆ ಚಿಗುರಿದಾಗಿನಿಂದ ತಲೆ ನರೆಯುವವರೆಗೆ ಅವನ ಕಸುಬು ಒಂದೇ: ಟೀವಿ ಆ್ಯಂಟೆನಾ ಕಟ್ಟುವುದು, ತಿರುಗಿಸುವುದು, ಗಾಳಿಗೆ ಬಿದ್ದದ್ದನ್ನು ಎತ್ತಿ ನಿಲ್ಲಿಸುವುದು. ಮೇಲಿನಿಂದ ಅವನು "ಬಂತಾ?" ಎಂದು ಕೂಗುತ್ತಿದ್ದ. ಕೆಳಗಿನಿಂದ ಮನೆಯವರು "ಬಂತು, ಬಂತು... ಅಯ್ಯೋ, ಹೋಯ್ತು!" ಎಂದು ಕೂಗುತ್ತಿದ್ದರು. ಯಾರ ಮನೆಯ ಟೀವಿ ಕೈಕೊಟ್ಟಿದೆ ಎಂಬುದು ಹೀಗೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು.

ಎಷ್ಟು ತಿರುಗಿಸಿದರೂ ಚಿತ್ರ ಬಾರದಿದ್ದರೆ ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಆ್ಯಂಟೆನಾದ ತುದಿಗೆ ಸುತ್ತುತ್ತಿದ್ದ. ಅದಕ್ಕೂ ಬಗ್ಗದಿದ್ದರೆ ಕಂಬವನ್ನು ತಾನೇ ಹಿಡಿದು ನಿಂತುಬಿಡುತ್ತಿದ್ದ. ಅವನ ಮೈಯಲ್ಲಿ ಏನು ಮಾಯೆಯಿತ್ತೋ, ಹಿಡಿದರೆ ಚಿತ್ರ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಹಾಗಾಗಿ ದೊಡ್ಡ ಪಂದ್ಯದ ದಿನ ಅವನನ್ನು ಕೆಳಗಿಳಿಯಲು ಯಾರೂ ಬಿಡುತ್ತಿರಲಿಲ್ಲ. ತೊಂಬತ್ತನಾಲ್ಕರ ವಿಶ್ವಕಪ್ ಫೈನಲ್ ಪೆನಾಲ್ಟಿಗೆ ಹೋದಾಗ ದೇಶಕ್ಕೆ ದೇಶವೇ ಟೀವಿಯ ಮುಂದೆ ಉಸಿರು ಬಿಗಿಹಿಡಿದು ಕೂತಿತ್ತು. ಅವನು ಮಾತ್ರ ಬೇಕರಿಯವನ ಮಾಡಿನ ಮೇಲೆ ಕತ್ತಲಲ್ಲಿ ಕಂಬ ತಬ್ಬಿಕೊಂಡು ನಿಂತಿದ್ದ. ನಾವು ಗೆದ್ದೆವೆಂದು ಅವನಿಗೆ ತಿಳಿದದ್ದು ಹಂಚಿನ ಕೆಳಗಿನಿಂದ ಎದ್ದ ಕಿರುಚಾಟದಿಂದ. ಊರಿಗೆಲ್ಲ ಗೋಲು ತೋರಿಸಿದ ಆ ಪುಣ್ಯಾತ್ಮ ಒಂದು ದೊಡ್ಡ ಗೋಲನ್ನೂ ಅದು ಬಿದ್ದ ಗಳಿಗೆಯಲ್ಲಿ ಕಣ್ಣಾರೆ ಕಂಡವನಲ್ಲ. ಆಮೇಲೆ ಮತ್ತೆ ಮತ್ತೆ ತೋರಿಸುತ್ತಾರಲ್ಲ ಎಂದರೆ, "ಅದು ಆರಿದ ಕಾಫಿ" ಎನ್ನುತ್ತಿದ್ದ.

ಈಗ ಆ್ಯಂಟೆನಾಗಳ ಕಾಲ ಮುಗಿಯಿತು. ಉಳಿದ ಕಂಬಗಳಲ್ಲಿ ಎರಡಕ್ಕೆ ಹೆಂಡತಿ ಇರಾಸಿ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದಳು. ಇನ್ನೆರಡನ್ನು ಮೊಮ್ಮಗಳು ಕೆಲಿಯಾನಿ ಚಿಕ್ಕವಳಿದ್ದಾಗಲೇ ಹಿತ್ತಲಲ್ಲಿ ನೆಟ್ಟು ಗೋಲು ಮಾಡಿಕೊಂಡಿದ್ದಳು. ಬೀದಿಯ ಹುಡುಗರೆಲ್ಲ ಹೊಡೆಯುವುದು, ಇವಳು ಹಾರಿ ಬಿದ್ದು ತಡೆಯುವುದು. ಚೆಂಡು ಕಂಬಕ್ಕೆ ಬಡಿದರೆ ಠಣ್ ಎಂದು ಸದ್ದಾಗುತ್ತಿತ್ತು, ಒಳಗೆ ಇರಾಸಿ ಬೈಗುಳ ಶುರುಮಾಡುತ್ತಿದ್ದಳು.

ಆ ಹುಡುಗಿ ಈಗ ಮೊಸೊರೊ ಹೆಣ್ಣುಮಕ್ಕಳ ತಂಡದ ಗೋಲ್‌ಕೀಪರ್. ರಾಜ್ಯಮಟ್ಟದ ಒಳಾಂಗಣ ಫುಟ್‌ಬಾಲಿನ ಫೈನಲ್ ಶನಿವಾರ ಮಧ್ಯಾಹ್ನ ರಾಜಧಾನಿ ನತಾಲಿನಲ್ಲಿ, ಅಲ್ಲಿನ ತಂಡದ ಎದುರು. ಮಾಡಿನಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ ಅಜ್ಜ ಅಷ್ಟು ದೂರ ಬಸ್ಸಿನಲ್ಲಿ ಕೂರುವಂತಿರಲಿಲ್ಲ. ಬಸ್ಸು ಹತ್ತುವ ಮುಂಚೆ ಕೆಲಿಯಾನಿ ಅವನ ಅಂಗಿಯ ಗುಂಡಿ ಹಿಡಿದು ನಿಲ್ಲಿಸಿದಳು.

"ಅಜ್ಜಾ, ಸೆಮಿಫೈನಲ್ ನೋಡ್ದೆ ಅಂತ ಹೇಳಿದ್ಯಲ್ಲ, ಸುಳ್ಳು ತಾನೇ? ಯಾರೋ ಹೇಳಿದ್ದನ್ನ ನಂಗೆ ಒಪ್ಪಿಸಿದೆ. ನಾನು ಬಲಗಡೆ ಹಾರಿದ್ದಕ್ಕೆ ಎಡಗಡೆ ಅಂದೆ."

"ಚಿತ್ರ ನಿಂತು ನಿಂತು ಬರ್ತಿತ್ತು ಪುಟ್ಟಿ. ಸರಿಮಾಡೋಕೆ ಅಂತ ಎದ್ದಿದ್ದೆ."

"ಈ ಸಲ ಏಳ್ಬೇಡ. ನೀನೇ ನೋಡ್ಬೇಕು. ನಿನ್ನ ಕಣ್ಣಿಂದ."

ನೋಡುತ್ತೇನೆಂದು ಮಾತು ಕೊಟ್ಟ. ಕೊಟ್ಟ ಮೇಲೆ ನಿದ್ದೆ ಬಿಟ್ಟ.

ಈ ಪಂದ್ಯವನ್ನು ಯಾವ ಚಾನೆಲ್ಲೂ ತೋರಿಸುವುದಿಲ್ಲ. ಇಂಟರ್ನೆಟ್ಟಿನಲ್ಲಿ ಮಾತ್ರ ನೇರಪ್ರಸಾರ. ಶನಿವಾರ ಊಟ ಮುಗಿಯುವ ಹೊತ್ತಿಗೆ ಅಕ್ಕಪಕ್ಕದವರು ತಮ್ಮ ತಮ್ಮ ಪ್ಲಾಸ್ಟಿಕ್ ಕುರ್ಚಿ ತಲೆಯ ಮೇಲೆ ಹೊತ್ತುಕೊಂಡು ಬಂದರು. ಪಡಸಾಲೆ ತುಂಬಿ ಅಡುಗೆಮನೆಯ ಬಾಗಿಲವರೆಗೆ ಜನ. ಪಂದ್ಯ ಶುರುವಾದದ್ದೇ ತಡ, ಚಿತ್ರ ನಿಂತಿತು. ಪರದೆಯ ನಡುವೆ ಬಿಳಿ ಚಕ್ರ ತಿರುಗತೊಡಗಿತು. ಅದರ ಹಿಂದೆ ಕೆಲಿಯಾನಿ ಒಂದು ಕಾಲೆತ್ತಿ ಕೊಕ್ಕರೆಯಂತೆ ನಿಂತಿದ್ದಳು.

"ಅಯ್ಯೋ ಮಾರಾಯಾ, ಮಗು ಕಾಲು ಇಳಿಸೋದ್ ಯಾವಾಗ?" ಎಂದಳು ಇರಾಸಿ.

ಪಕ್ಕದ ಮನೆಯ ಕ್ಷೌರಿಕ ಎವಿಲಾಸಿಯೊ ಎದ್ದು ನಿಂತ. ಅವನ ಮಗಳಿಗೆ ದೀಕ್ಷಾಸ್ನಾನದ ದಿನ ಧರ್ಮಪಿತನಾಗಿ ನಿಂತವನು ಅದೆರ್ಬಾಲಜ್ಜ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕುಂಪಾದ್ರೆ ಎಂದೇ ಕರೆಯುತ್ತಾರೆ.

"ಕುಂಪಾದ್ರೆ, ನಮ್ಮ ಅಂಗಡೀಲೂ ಹಿಂಗೇ ಆಗಿತ್ತು. ವೈಫೈ ಡಬ್ಬಿ ಒಂದ್ಸಲ ಆರಿಸಿ ಹಚ್ಚಿ, ಸರಿಹೋಗತ್ತೆ."

ಆರಿಸಿದರು, ಹಚ್ಚಿದರು. ಡಬ್ಬಿಯ ದೀಪಗಳು ಒಂದೊಂದಾಗಿ ಕಣ್ಣು ಬಿಡುವಷ್ಟರಲ್ಲಿ ಎದುರು ಮನೆಯಿಂದ "ಗೋ...ಲ್!" ಎಂಬ ಕೂಗು ಬಂತು. ಎದುರು ಮನೆಯವರದು ಬೇರೆ ಲೈನು, ಅವರ ಪಂದ್ಯ ಯಾವಾಗಲೂ ಸ್ವಲ್ಪ ಮುಂದೆ ಓಡುತ್ತದೆ. ಮೊಸೊರೊ ಹುಡುಗಿಯರು ಗೋಲು ಹೊಡೆದಿದ್ದರು, ಇಲ್ಲಿ ಯಾರೂ ನೋಡಲಿಲ್ಲ.

"ನಿನ್ನ ಕತ್ತರಿ ಕೆಲಸ ನೀನು ನೋಡ್ಕೊ!" ಎಂದು ಇರಾಸಿ ಎವಿಲಾಸಿಯೊಗೆ ಮಂಗಳಾರತಿ ಮಾಡಿದಳು.

ಅವನೇನು ಸುಮ್ಮನಿರುವವನೇ! "ಇರಾಸಿಯಮ್ಮಾ, ನಿಮ್ಮ ವೈಫೈಗೆ ಎಷ್ಟು ಜನ ನೇತಾಡ್ತಿದಾರೆ ಗೊತ್ತಾ? ಗೇಟ್ ಹತ್ರ ಗೋಡೆ ಮೇಲೆ ಪಾಸ್‌ವರ್ಡ್ ಬರೆದಿಟ್ಟಿದ್ಯಾರು?"

ಬರೆದಿಟ್ಟವಳು ಅವಳೇ. ಗೇರುಹಣ್ಣಿನ ರಸವನ್ನು ಉದ್ದನೆಯ ಪ್ಲಾಸ್ಟಿಕ್ ಚೀಲದಲ್ಲಿ ಹೆಪ್ಪುಗಟ್ಟಿಸಿ, ದಿಂದಿಂ ಎಂದು ಗೇಟಿನ ಬಳಿ ಮಾರುವುದು ಅವಳ ವ್ಯಾಪಾರ. ಈ ಸೆಕೆಯಲ್ಲಿ ದಿಂದಿಂ ಯಾರು ಮಾರುವುದಿಲ್ಲ? ಅದಕ್ಕೇ ಗಿರಾಕಿ ತನ್ನ ಹತ್ತಿರವೇ ಬರಲಿ ಎಂದು ದಿಂದಿಂ ಕೊಂಡವರಿಗೆ ವೈಫೈ ಉಚಿತ ಎಂದು ಇದ್ದಿಲಿನಲ್ಲಿ ಬರೆದಿದ್ದಳು. ಒಮ್ಮೆ ಕೊಂಡವನು ವರ್ಷಪೂರ್ತಿ ಹೀರಿದ. ಈಗ ಹೊರಗೆ ಜಗಲಿಯ ಮೇಲೆ, ಮರದ ಕೆಳಗೆ, ಎಲ್ಲರೂ ಫೋನಿನಲ್ಲಿ ಇದೇ ಪಂದ್ಯ ನೋಡುತ್ತಿದ್ದರು. ಒಂದೇ ನಲ್ಲಿಗೆ ಬೀದಿಯ ಕೊಡಗಳೆಲ್ಲ ಹಿಡಿದಂತಾಗಿತ್ತು.

ಇರಾಸಿ ಸೆರಗಿಲ್ಲದಿದ್ದರೂ ಸೊಂಟ ಕಟ್ಟಿ ಹೊರಟಳು. "ಏ, ಎಲ್ಲರೂ ಫೋನ್ ಆರಿಸ್ರೋ! ಆರಿಸದೇ ಇದ್ದೋರಿಗೆ ನಾಳೆಯಿಂದ ದಿಂದಿಂ ಇಲ್ಲ. ಬರೀ ಬಿಸಿನೀರು ಕೊಡ್ತೀನಿ!"

"ಮತ್ತೆ ನಾವೆಲ್ಲಿ ನೋಡೋದು, ಅಜ್ಜೀ?"

"ಒಳಗ್ ಬಂದು ನೆಲದ ಮೇಲೆ ಕುಕ್ಕರಿಸಿ!"

ಎಲ್ಲರೂ ಒಳಗೆ ಬಂದರು. ಚಕ್ರ ಮಾಯವಾಯಿತು! ಕೆಲಿಯಾನಿಯ ಕಾಲು ಕೊನೆಗೂ ನೆಲಕ್ಕೆ ಬಂತು. ಜನ ಚಪ್ಪಾಳೆ ತಟ್ಟಿದರು. ಸಂತೋಷಕ್ಕೆ ಇರಾಸಿ ಮೈಕ್ರೋವೇವಿನಲ್ಲಿ ಪಾಪ್‌ಕಾರ್ನ್ ಇಟ್ಟಳು. ಅದು ಗುಂಯ್ ಎಂದ ಕೂಡಲೇ ಇಲ್ಲಿ ಚಿತ್ರ ತುಂಡು ತುಂಡಾಯಿತು. ಅದು ನಿಂತರೆ ಚಿತ್ರ ಓಡಿತು. ಇನ್ನೊಮ್ಮೆ ಇಟ್ಟಳು, ಇನ್ನೊಮ್ಮೆ ತುಂಡಾಯಿತು.

"ಪಾಪ್‌ಕಾರ್ನ್ ಬೇಡ! ಬೇಡ ಬೇಡ!" ಎಂದು ಮನೆತುಂಬ ಕೂಗೆದ್ದಿತು. ಅರ್ಧ ಅರಳಿದ ಜೋಳ ಅಲ್ಲೇ ಉಳಿಯಿತು.

ಆದರೂ ಆಗಾಗ ಚಿತ್ರ ಮುಗ್ಗರಿಸುತ್ತಲೇ ಇತ್ತು. ಎರಡನೇ ಅರ್ಧ ಶುರುವಾಗುವ ಮುಂಚೆ ಎವಿಲಾಸಿಯೊ ಅಡುಗೆಮನೆಗೆ ಹೋದ. ಫ್ರಿಜ್ಜಿನ ಮೇಲಿದ್ದ ಡಬ್ಬಿಗೆ ಇರಾಸಿ ಹೊದಿಸಿದ್ದ ಕ್ರೋಶಾ ಬಟ್ಟೆ ಎತ್ತಿದ. ಎತ್ತಿದವನು ಬಿದ್ದು ಬಿದ್ದು ನಗತೊಡಗಿದ. ಡಬ್ಬಿಯ ಒಂದೊಂದು ಆ್ಯಂಟೆನಾ ಕೋಲಿಗೂ ಒಂದೊಂದು ದಪ್ಪ ಸ್ಟೀಲ್ ನಾರಿನ ಮುಂಡಾಸು!

"ಕುಂಪಾದ್ರೆ! ಇದೇನಿದು?"

ಅಜ್ಜನ ಮುಖ ಕೆಂಪಗಾಯಿತು. "ಸಿಗ್ನಲ್ ಚೆನ್ನಾಗ್ ಹಿಡೀಲಿ ಅಂತ ಸುತ್ತಿದೆ. ಹೊಸ ನಾರೇ ಸುತ್ತಿದೀನಿ, ಹಳೇದಲ್ಲ."

"ನನ್ನ ನಾರು ಎಲ್ಲಿ ಹೋಗ್ತಿತ್ತು ಅಂತ ಈಗ ಗೊತ್ತಾಯ್ತು!" ಎಂದಳು ಇರಾಸಿ. "ತಿಂಗಳಿಂದ ಅಂಗಡಿಯವನನ್ನ ಬೈತಿದೀನಲ್ಲೋ!"

ಮುಂಡಾಸು ಬಿಚ್ಚಿದ ಮೇಲೆ ಚಿತ್ರ ನೀರು ಹರಿದಂತೆ ಹರಿಯಿತು. ನತಾಲಿನವರು ಒಂದು ಗೋಲು ಹೊಡೆದು ಸಮ ಮಾಡಿದರು. ಅಜ್ಜ ಕುರ್ಚಿಯ ತುದಿಯಲ್ಲಿ ಕೂತು ಮಂಡಿ ಅಲ್ಲಾಡಿಸುತ್ತಿದ್ದ. ಎದ್ದೇ ಇರಲಿಲ್ಲ, ಕೊಟ್ಟ ಮಾತು ಉಳಿಸಿಕೊಂಡಿದ್ದ. ಸಮಯ ಮುಗಿಯಿತು. ಒಂದಕ್ಕೆ ಒಂದು. ಪೆನಾಲ್ಟಿ!

ಪೆನಾಲ್ಟಿ ಎಂದ ಕೂಡಲೇ ನೆಲದ ಮೇಲಿದ್ದವರೆಲ್ಲ ಎದ್ದು ನಿಂತರು. ಚಿತ್ರ ನಿಂತಿತು. ಬಿಳಿ ಚಕ್ರ ಮತ್ತೆ ಬಂತು.

ಅಜ್ಜನ ಹಳೆಯ ಅಭ್ಯಾಸ, ಎಲ್ಲಿ ಬಿಡುತ್ತದೆ? ಕುರ್ಚಿಯಿಂದ ಎದ್ದವನು ಕುಂಟುತ್ತ ಅಡುಗೆಮನೆಗೆ ಓಡಿದ. ಫ್ರಿಜ್ಜಿಗೆ ಎದೆ ಒತ್ತಿ ನಿಂತು ಡಬ್ಬಿಯ ಕೋಲುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಲ್ಲಿಂದ ಕಾಣುವುದು ಟೀವಿಯ ಬೆನ್ನು ಮಾತ್ರ.

"ಬಂತಾ?"

"ಇಲ್ಲ!"

ಇನ್ನೂ ಗಟ್ಟಿಯಾಗಿ ಹಿಡಿದ. "ಈಗ?"

"ಪೂರ್ತಿ ಹೋಯ್ತು!"

ಎದುರು ಮನೆಯಲ್ಲಿ ಒಮ್ಮೆ ಕುಣಿದಾಟ, ಒಮ್ಮೆ ನಿಟ್ಟುಸಿರು. ಪೆನಾಲ್ಟಿಗಳು ಒಂದೊಂದಾಗಿ ಕಳೆದುಹೋಗುತ್ತಿದ್ದವು. ಅಜ್ಜನ ಕಣ್ಣಲ್ಲಿ ನೀರು ಬಂತು. ಬೇಕರಿಯವನ ಮಾಡು, ಅದೇ ಕತ್ತಲು, ಅದೇ ಕಿರುಚಾಟ. ಇವತ್ತೂ ಅಷ್ಟೇ ಆಯಿತಲ್ಲ! ಸಿಟ್ಟು ಬಂದು ಡಬ್ಬಿಯನ್ನು ಬಿಟ್ಟು, "ಏನಾಗ್ತಿದೆ ಅಲ್ಲಿ?" ಎಂದು ಬಾಗಿಲಿಗೆ ಬಂದ.

"ಬಂತು!" ಎಂದಿತು ಪಡಸಾಲೆ.

ಬಂದದ್ದು ಹೋಗದಿರಲೆಂದು ಮತ್ತೆ ಓಡಿ ಹಿಡಿದುಕೊಂಡ. "ಹೋಯ್ತು!"

ಇರಾಸಿ ಕೈಯಲ್ಲಿದ್ದ ದಿಂದಿಂ ಚೀಪುವುದನ್ನು ನಿಲ್ಲಿಸಿ ಗಂಡನನ್ನೇ ನೋಡಿದಳು. "ಬಾ ಇಲ್ಲಿ."

ಬಂದ. ಚಿತ್ರ ಓಡಿತು.

"ಹೋಗಲ್ಲಿ."

ಹೋದ. ಚಿತ್ರ ನಿಂತಿತು.

"ಲೋ ಮಾರಾಯಾ, ಅಡ್ಡ ನಿಂತಿರೋನು ನೀನೇ ಕಣೋ! ಆವಾಗ ನೀನು ಹಿಡಿದ್ರೆ ಬರ್ತಿತ್ತು. ಇದು ನೀನು ಬಿಟ್ರೆ ಬರೋದು. ಬಾ, ಕೂತ್ಕೊ! ನೀವೂ ಎಲ್ಲ ಕೂತ್ಕೊಳ್ರೋ, ಬಾಗಿಲಿಗೆ ಯಾರೂ ಅಡ್ಡ ನಿಲ್ಬೇಡಿ!"

ನಗುವುದಕ್ಕೂ ಪುರುಸೊತ್ತಿರಲಿಲ್ಲ. ಎಲ್ಲರೂ ದೊಪ್ಪನೆ ಕೂತರು. ಎವಿಲಾಸಿಯೊ ಅಜ್ಜನನ್ನು ತೋಳು ಹಿಡಿದು ತಂದು ಟೀವಿಯ ಎದುರಿಗೇ ಕೂರಿಸಿದ. ಅಜ್ಜನಿಗೆ ಖಾಲಿ ಕೈ ಎಲ್ಲಿಡಬೇಕೆಂದೇ ತೋಚಲಿಲ್ಲ. ಪರದೆಯ ಮೇಲೆ ಚಕ್ರವಿಲ್ಲ, ತುಂಡಿಲ್ಲ. ಮೊಸೊರೊ ಒಂದು ಗೋಲು ಮುಂದಿತ್ತು. ನತಾಲಿನವರ ಕೊನೆಯ ಹೊಡೆತ. ಕೆಲಿಯಾನಿ ತಡೆದರೆ ಕಪ್ ನಮ್ಮದು.

ಎದುರು ಮನೆ ಈಗ ಕಿರುಚುತ್ತದೆ! ಅಜ್ಜನಿಗೆ ಥಟ್ಟನೆ ಹೊಳೆಯಿತು. ಅವರಿಗೆ ಮೊದಲು ಕಾಣುತ್ತದೆ, ಇವನು ನೋಡುವ ಮುಂಚೆ ಅವರ ಗಂಟಲು ಎಲ್ಲ ಹೇಳಿಬಿಡುತ್ತದೆ.

"ಇರಾಸೀ, ಕಿವಿ! ನನ್ನ ಕಿವಿ ಮುಚ್ಚೇ!"

ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ದಿಂದಿಂ ಬಿಸಾಕಿ, ಹಿಂದಿನಿಂದ ಬಂದು, ಮರಗಟ್ಟಿದ ಎರಡೂ ಅಂಗೈಗಳನ್ನು ಅವನ ಕಿವಿಗೆ ಒತ್ತಿ ಹಿಡಿದಳು. ಲೋಕವೆಲ್ಲ ಸದ್ದಡಗಿತು. ಪರದೆಯ ಮೇಲೆ ಅವನ ಹುಡುಗಿ ಮಾತ್ರ ಉಳಿದಳು. ಹುಡುಗಿ ಹಾರಿದಳು. ಬೆರಳ ತುದಿ ತಾಗಿದ ಚೆಂಡು ದಿಕ್ಕು ತಪ್ಪಿ ಕಂಬಕ್ಕೆ ಬಡಿಯಿತು. ಆ ಠಣ್ ಅವನಿಗೆ ಕೇಳಲಿಲ್ಲ, ಕಂಡಿತು.

ಆಮೇಲೆ ಕುರ್ಚಿಗಳು ಉರುಳಿದವು, ಎವಿಲಾಸಿಯೊ ಮುದುಕನ ನರೆತ ತಲೆಗೆ ಮುತ್ತಿಟ್ಟ, ಇರಾಸಿ ಅಳುತ್ತ ಅಳುತ್ತಲೇ ಎಲ್ಲರಿಗೂ ದಿಂದಿಂ ಪುಕ್ಕಟೆ ಹಂಚಿದಳು. ಅಜ್ಜ ಕೂತಲ್ಲಿಂದ ಏಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಇರಾಸಿಯ ಫೋನು ಬಡಿದುಕೊಂಡಿತು.

"ಅಜ್ಜಾ! ನೋಡಿದ್ಯಾ?" ಕೆಲಿಯಾನಿ ಆ ಗದ್ದಲದಲ್ಲಿ ಕೂಗುತ್ತಿದ್ದಳು. "ನಿಜ ಹೇಳು!"

"ಎಡಗಡೆ ಹಾರಿದೆ," ಎಂದ ಅಜ್ಜ.

"ಅದನ್ನ ಯಾರು ಬೇಕಾದ್ರೂ ಹೇಳ್ತಾರೆ!"

"ಅವಳು ಒದೆಯೋಕೆ ಮುಂಚೆ ನೀನು ಬಲಗೈ ಗ್ಲೌಸ್ ಕಚ್ಚಿದೆ. ಹಿತ್ತಲಲ್ಲಿ ಹೆದರಿಕೆ ಆದಾಗ ಕಚ್ತಿದ್ದೆ ನೋಡು, ಹಾಗೆ."

ಆ ಕಡೆ ಹುಡುಗಿಯ ಮಾತು ನಿಂತಿತು. ಲೈನು ಕೈಕೊಟ್ಟಿತೇನೋ ಎಂದು ಎವಿಲಾಸಿಯೊ ಡಬ್ಬಿಯತ್ತ ಓಡಹೊರಟ. ಅಜ್ಜ ಅವನ ಅಂಗಿ ಹಿಡಿದು ಎಳೆದು ಕೂರಿಸಿದ. ಲೈನು ಚೆನ್ನಾಗಿಯೇ ಇತ್ತು, ಹುಡುಗಿ ಅಳುತ್ತಿದ್ದಳು.