ಎಡಕ್ಕೆ ತಿರುಗುವ ಬೆರಳು

ನಲವತ್ತು ವರ್ಷಗಳಲ್ಲಿ ಚಂಪಾಬಾಯಿಯ ಕೈಯಿಂದ ಒಂದು ಪಾತ್ರೆಯೂ ಜಾರಿ ಬಿದ್ದಿರಲಿಲ್ಲ. ನಾಂದಣಿಯಲ್ಲಿ ಹುಟ್ಟಿದವಳು, ಹತ್ತೊಂಬತ್ತರ ವಯಸ್ಸಿನಲ್ಲಿ ಇಚಲಕರಂಜಿಯ ನೂಲಿನ ವ್ಯಾಪಾರಿ ಆಬಾಸಾಹೇಬರ ಮನೆಗೆ ಸೊಸೆಯಾಗಿ ಬಂದಳು. ಅಂದಿನಿಂದ ಓಣಿಯ ಬಸದಿಯಲ್ಲಿ ಮುನಿಗಳು ಚಾತುರ್ಮಾಸಕ್ಕೆ ನಿಂತಾಗಲೆಲ್ಲ ಅವರಿಗೆ ಕೈಯಾರೆ ಆಹಾರ ಕೊಟ್ಟಿದ್ದಳು. ದಿಗಂಬರ ಮುನಿಗಳು ಉಣ್ಣುವುದು ದಿನಕ್ಕೆ ಒಂದೇ ಸಲ, ಅದೂ ನಿಂತುಕೊಂಡು, ಜೋಡಿಸಿದ ಅಂಗೈಗಳಲ್ಲಿ ಹಾಕಿದಷ್ಟನ್ನೇ. ನೀರನ್ನೂ ಆಗಲೇ ಕುಡಿಯಬೇಕು. ನಡುವೆ ಕೊಡುವವರ ಕೈಯಿಂದ ಪಾತ್ರೆ ಬಿದ್ದರೆ ಅದು ಅಂತರಾಯ. ಮುನಿಗಳು ಅಲ್ಲಿಗೇ ಕೈ ಬಿಡಿಸಿ ಹೊರಟುಬಿಡುತ್ತಾರೆ. ಮರುದಿನದವರೆಗೆ ತುತ್ತೂ ಇಲ್ಲ, ಹನಿ ನೀರೂ ಇಲ್ಲ.

ಈ ವರ್ಷ ಚೈತ್ರದಲ್ಲಿ ಅವಳಿಗೆ ಲಕವಾ ಹೊಡೆಯಿತು. ಎಡಭಾಗ ಮರಗಟ್ಟಿ ಹೋಯಿತು. ಎರಡು ತಿಂಗಳಲ್ಲಿ ಕಾಲು ಅಷ್ಟಿಷ್ಟು ಮಾತು ಕೇಳಿತು. ಕೈ ಕೇಳಲಿಲ್ಲ.

ಕೆಳಗೆ ನೂಲಿನ ಚೀಲಗಳ ಕೋಣೆ ಮತ್ತು ಅಡುಗೆಮನೆ, ಮೇಲೆ ಮಲಗುವ ಕೋಣೆ. ನಡುವಿನ ಮೆಟ್ಟಿಲು ಏಣಿಯಷ್ಟು ಕಡಿದು. ಹಾಗಾಗಿ ಚಂಪಾಬಾಯಿ ಆಸ್ಪತ್ರೆಯಿಂದ ಬಂದು ಮೇಲೇರಿದವಳು ಮತ್ತೆ ಇಳಿಯಲೇ ಇಲ್ಲ. ಊಟ ಮೇಲಕ್ಕೇ ಬರುತ್ತಿತ್ತು. ಕಿಟಕಿಯ ಒಂದು ಬದಿಗೆ ಪಕ್ಕದ ಮಗ್ಗದ ಶೆಡ್ಡಿನ ತಗಡು, ಇನ್ನೊಂದು ಬದಿಗೆ ಓಣಿ. ಬಗ್ಗಿ ನೋಡಿದರೆ ಹೋಗಿಬರುವವರ ನೆತ್ತಿ ಮತ್ತು ಹೆಗಲಷ್ಟೇ ಕಾಣುತ್ತಿದ್ದವು. ಮಗ್ಗಗಳ ಖಟಖಟ ಬೆಳಿಗ್ಗೆಯಿಂದ ಗೋಡೆಯೊಳಗೇ ಇರುತ್ತಿತ್ತು.

ಆಷಾಢದಲ್ಲಿ ಮುನಿಗಳು ಬಸದಿಗೆ ಬಂದ ಸುದ್ದಿಯನ್ನು ಆಬಾಸಾಹೇಬರೇ ಮೇಲೆ ಬಂದು ಹೇಳಿದರು.

"ಈ ವರ್ಷ ನೀ ಕುರ್ಚಿ ಮ್ಯಾಲ ಕುಂತ ನೋಡ. ಸೊಸಿ ಪ್ರಿಯಾ ಕೊಡ್ತಾಳ."

"ನಾನೂ ಒಂದೀಟ ನೀರರ ಹಾಕ್ತೇನ್ರಿ."

"ತಂಬಗಿ ಬಿತ್ತಂದ್ರ? ಮಹಾರಾಜ್ರು ಉಪಾಸ ಹೋಗೂದು ಯಾರ ತಲಿಗಿ, ನಿನ್ನ ತಲಿಗೋ ನನ್ನ ತಲಿಗೋ?"

ಗಂಡ ಇಳಿದು ಹೋದ ಮೇಲೆ ಚಂಪಾಬಾಯಿ ಪಕ್ಕದಲ್ಲಿದ್ದ ಖಾಲಿ ತಂಬಿಗೆಯನ್ನು ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಅದರ ಬುಡಕ್ಕೆ ಕೊಟ್ಟು, ಮೆಲ್ಲಗೆ ಬಾಗಿಸಿದಳು. ಉಂಗುರಬೆರಳು ಮೊದಲು ಜಾರಿತು. ಅದರ ಹಿಂದೆ ಉಳಿದವೂ ಸಡಿಲಾದವು. ತಂಬಿಗೆ ಹಾಸಿಗೆಯ ಮೇಲೆ ಬಿತ್ತು. ಹಾಸಿಗೆಯಾದ್ದರಿಂದ ಸದ್ದಾಗಲಿಲ್ಲ.

ದೀಪಾವಳಿಗೆ ಚಾತುರ್ಮಾಸ ಮುಗಿಯುತ್ತದೆ. ಮುನಿಗಳು ನಡೆದು ಮುಂದಿನ ಊರಿಗೆ ಹೋಗುತ್ತಾರೆ. ಅಷ್ಟರೊಳಗೆ ಈ ಬೆರಳು ತಂಬಿಗೆ ತಡೆಯಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ.

ಡಾಕ್ಟರು ಹಿಚುಕಲು ರಬ್ಬರ್ ಚೆಂಡು ಕೊಟ್ಟಿದ್ದರು. ಅದು ದಿನಕ್ಕೆ ಹತ್ತು ಸಲ ಮಂಚದ ಕೆಳಗೆ ಹೋಗುತ್ತಿತ್ತು. ಹತ್ತೂ ಸಲ ಸೊಸೆ ಪ್ರಿಯದರ್ಶನಿ ಬೋರಲು ಮಲಗಿ ತೆಗೆದುಕೊಡುತ್ತಿದ್ದಳು. ಒಂದು ದಿನ ಚೆಂಡನ್ನು ಎತ್ತಿ ಕಪಾಟಿನಲ್ಲಿಟ್ಟು, ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದಳು. ಅವಳ ತವರು ಗಡಹಿಂಗ್ಲಜ. ಅಲ್ಲಿ ಕಾಲೇಜಿನಲ್ಲಿ ಓದುವಾಗಿನ ಕಂಪ್ಯೂಟರು ಅದು. ಮದುವೆಯಲ್ಲಿ ಕಪಾಟು, ಮಂಚಗಳ ಜೊತೆ ಬಂದಿತ್ತು.

"ಅತ್ತಿ, ಇದರಾಗೊಂದ ಆಟ ಐತ್ರಿ. ಎಡಗೈಯಿಂದನ ಆಡೂದು. ರೊಕ್ಕಾ ರೂಪಾಯಿ ಏನಿಲ್ಲ, ಮಾಡಿದಾಂವ ಎಲ್ಲಾರಿಗೂ ಪುಕ್ಕಟ ಹಂಚ್ಯಾನ."

"ಪುಕ್ಕಟ ಅಂದ್ರ ಏನೋ ಖೋಟ ಇರ್ಬೇಕ ತಗೀ."

"ಖೋಟ ಐತ್ರಿ," ಎಂದು ಪ್ರಿಯದರ್ಶನಿ ನಕ್ಕಳು. "ಇದರಾಗ ಗೆಲ್ಲೂದ ಇಲ್ಲ. ರಾಕ್ಷಸರು ಬರಕೋತನ ಇರ್ತಾರ. ಎಷ್ಟೊತ್ತ ಉಳೀತೀವಿ, ಅಷ್ಟ."

ಪರದೆಯ ಮೇಲೆ ಒಂದು ಕೋಣೆ ಮೂಡಿತು. ನಾಲ್ಕು ಗೋಡೆ, ನಟ್ಟನಡುವೆ ಒಂದು ಚೌಕದ ಕಂಬ, ಕಂಬದ ಪಕ್ಕ ಬಂದೂಕು ಹಿಡಿದ ಮನುಷ್ಯ. ಅವನ ನೆತ್ತಿ ಮತ್ತು ಹೆಗಲಷ್ಟೇ ಕಾಣುತ್ತಿದ್ದವು.

"ನಮ್ಮ ಕಿಡಕ್ಯಾಗಿಂದ ನೋಡಿದಂಗ ಕಾಣ್ತಾನಲ್ಲ," ಎಂದಳು ಚಂಪಾಬಾಯಿ.

ಅವಳಿಗೆ ಮರಾಠಿ ಮತ್ತು ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಪ್ರಿಯದರ್ಶನಿ ತನ್ನ ಹಣೆಯ ಟಿಕಲಿಗಳ ಹಾಳೆ ತಂದು ನಾಲ್ಕು ಗುಂಡಿಗಳಿಗೆ ನಾಲ್ಕು ಬಣ್ಣ ಅಂಟಿಸಿದಳು. ಕೆಂಪು ಒತ್ತಿದರೆ ಮುಂದೆ, ಹಳದಿ ಒತ್ತಿದರೆ ಹಿಂದೆ. ಇವೆರಡೂ ನಡುಬೆರಳಿಗೆ. ನೀಲಿ ಬಲಕ್ಕೆ ತಿರುಗಿಸುತ್ತದೆ, ಅದು ತೋರುಬೆರಳಿಗೆ. ಹಸಿರು ಎಡಕ್ಕೆ ತಿರುಗಿಸುತ್ತದೆ, ಅದು ಉಂಗುರಬೆರಳಿಗೆ. ಬಲಗೈಗೆ ಒಂದೇ ಕೆಲಸ: ದೊಡ್ಡ ಗುಂಡಿ ಒತ್ತಿ ಗುಂಡು ಹಾರಿಸುವುದು. ನೆಲದಲ್ಲಿ ಆಗಾಗ ಡಬ್ಬಿಗಳು ಮೂಡುತ್ತವೆ. ಕೆಂಪು ಗುರುತಿನದು ಔಷಧ, ಕಪ್ಪಿನದು ಗುಂಡು. ಅವುಗಳ ಮೇಲೆ ನಡೆದರೆ ಸಾಕು, ಕೈಗೆ ಬಂದಂತೆ. ನಿಂತರೆ ಅಪಾಯ, ಮೂಲೆಗೆ ಹೋದರೆ ಇನ್ನೂ ಅಪಾಯ.

"ಇನ್ನೊಂದರಿ. ಆ ಮನಶ್ಯಾ ಕೆಳಗ ಮುಖ ಮಾಡಿದಾಗ ಅವನ ಬಲಗೈ ನಮ್ಮ ಎಡಕ್ಕ ಇರ್ತೈತಿ. ನಿಮ್ಮ ಎಡ-ಬಲ ಬಿಡ್ರಿ, ಅವನ ಎಡ-ಬಲ ಹಿಡೀರಿ."

ಇಷ್ಟು ಹೇಳಿ ತಾನೇ ಒಂದು ಆಟ ಆಡಿ ತೋರಿಸಿದಳು. ಹಸಿರು ಮೈಯ, ಉದ್ದ ಕೈಯ ರಾಕ್ಷಸರು ಗೋಡೆಗಳಿಂದ ಹೊರಬಂದರು. ಸೊಸೆ ಅವರನ್ನು ಹತ್ತು, ಇಪ್ಪತ್ತು, ಐವತ್ತು ಎಂದು ಕೆಡವಿದಳು. ಮನೆಯಲ್ಲಿ ಸೊಳ್ಳೆಯನ್ನೂ ಬಟ್ಟೆ ಬೀಸಿ ಹೊರಗೆ ಕಳಿಸುವ ಹುಡುಗಿಯ ಕಣ್ಣು ಆಗ ಮಿನುಗುತ್ತಿದ್ದುದನ್ನು ಅತ್ತೆ ಪಕ್ಕದಿಂದ ನೋಡಿದಳು.

"ಕಾಲೇಜಿಗಿ ಕಲ್ಯಾಕ ಕಳಿಸಿದ್ರೋ, ಇದಕ್ಕ ಕಳಿಸಿದ್ರೋ?"

"ನೀವ ಕುಂದರ್ರಿ ಈಗ."

ಚಂಪಾಬಾಯಿ ಕುಳಿತಳು. ಮೊದಲ ರಾಕ್ಷಸ ಬಂದ.

"ಒತ್ತರಿ ಅತ್ತಿ, ದೊಡ್ಡ ಗುಂಡಿ! ಬಂದ ನೋಡ್ರಿ!"

"ಜೀವಾ ತಗಿಯೂ ಗುಂಡಿ ನಾ ಒತ್ತಂಗಿಲ್ಲ."

"ಜೀವ ಎಲ್ಲೈತ್ರಿ? ಬರೇ ಚಿತ್ರ."

"ಹಿಟ್ಟಿನ ಗೊಂಬಿ ಕಡದ್ರೂ ಕಡಿಯೂ ಭಾವ ಬರ್ತೈತಿ. ಹಿಂದಿನ ಮಹಾರಾಜ್ರು ಪ್ರವಚನದಾಗ ಹೇಳಿದ್ರು. ನೀನೂ ಮುಂದಿನ ಸಾಲಿನ್ಯಾಗ ಕುಂತಿದ್ದಿ."

"ಹಂಗಾರ ನಾರಕಿ ಜೀವ ಅಂತ ತಿಳೀರಿ. ನರಕದಾಗ ಎಷ್ಟ ಕಡದ್ರೂ ಪಾದರಸದಂಗ ಮತ್ತ ಕೂಡ್ತಾವ ಅಂತಾರಲ್ರಿ? ಇವೂ ಹಂಗ, ಮತ್ತ ಬರ್ತಾವ."

"ಅವಕ್ಕ ಸಾವಿಲ್ಲ, ಖರೆ. ಕಡದಾಕಿಗಿ ಪಾಪ ಐತಲ್ಲ? ಇದ ಕೈಲೆ ನಾ ಆಹಾರ ಕೊಡಾಕಿ."

ಅಷ್ಟರಲ್ಲಿ ರಾಕ್ಷಸ ಮನುಷ್ಯನನ್ನು ಮುಗಿಸಿದ್ದ.

ಅಂದಿನಿಂದ ಚಂಪಾಬಾಯಿ ತನ್ನದೇ ರೀತಿಯಲ್ಲಿ ಆಡತೊಡಗಿದಳು. ಬಲಗೈಯಲ್ಲಿ ಜಪಮಾಲೆ, ಎಡಗೈ ಟಿಕಲಿಗಳ ಮೇಲೆ. ಗುಂಡು ಹಾರಿಸದೆ ಬರೀ ತಪ್ಪಿಸಿಕೊಳ್ಳುವುದು. ನಡುವಿನ ಕಂಬವನ್ನು ಸುತ್ತುತ್ತಿದ್ದರೆ ರಾಕ್ಷಸರು ಹಿಂದೆ ಸಾಲುಗಟ್ಟುತ್ತಾರೆ, ಮುಂದೆ ದಾರಿ ಉಳಿಯುತ್ತದೆ ಎಂಬುದನ್ನು ಅವಳು ಎರಡನೇ ದಿನವೇ ಕಂಡುಕೊಂಡಳು. ಸೊಸೆಗೂ ಅದು ಗೊತ್ತಿರಲಿಲ್ಲ.

ಪಕ್ಕದ ಶೆಡ್ಡಿನಲ್ಲಿ ಕಾಂಡಿಗೆ ನೂಲು ಸುತ್ತುವ ಬಾಳಕ್ಕ ಊಟದ ಬಿಡುವಿನಲ್ಲಿ ಉಪ್ಪಿನಕಾಯಿ ಕೇಳಲು ಬಂದವಳು ಬಾಗಿಲಲ್ಲೇ ನಿಂತು ನೋಡಿದಳು.

"ಅಕ್ಕಾರ, ಕೈಯಾಗ ಬಂದೂಕ ಹಿಡದ ಓಡಿ ಹೋಗೂದೇನ್ರಿ? ಹೊಡೀರಿ ಒಂದ! ನಿಮಗ ಪಾಪ ಬರೂದಿದ್ರ ಸರೀರಿ, ನಾ ಹೊಡೀತೇನಿ. ನಮ್ಮ ಮ್ಯಾಲ ಒದರೂ ಮುಕಾದಮನ ಮಾರಿ ಇದ್ದಂಗ ಐತಿ ಅದು."

"ನಕ್ಕೊಂಡ ಹೋಗ ನೀ. ಉಪ್ಪಿನಕಾಯಿ ಕೆಳಗ ಐತಿ."

ಆದರೆ ಆಟ ಪ್ರತಿದಿನ ಒಂದೇ ಜಾಗದಲ್ಲಿ ಮುಗಿಯುತ್ತಿತ್ತು. ಮೂರು ನಿಮಿಷ ದಾಟಿದ ಮೇಲೆ ತೆಳ್ಳಗಿನ, ವೇಗದ ರಾಕ್ಷಸರು ಬರುತ್ತಾರೆ. ಅವರು ಹಿಂದೆ ಬರುವುದಿಲ್ಲ, ಕಂಬದ ಆಚೆ ಬದಿಯಲ್ಲಿ ಎದುರಿಗೇ ಕಾಯುತ್ತಾರೆ. ಹಿಂದೆ ಸಾಲು, ಮುಂದೆ ಅವರು, ಬಲಕ್ಕೆ ಕಂಬ. ಎಡಕ್ಕೆ ಹೊರಳಿದರೆ ಅರ್ಧ ಕೋಣೆ ಬಯಲಿರುತ್ತಿತ್ತು. ಚಂಪಾಬಾಯಿ ಹೊರಳುತ್ತಿರಲಿಲ್ಲ. ಮೂರು ನಿಮಿಷ ಹತ್ತು ಸೆಕೆಂಡಿಗೋ ಹದಿನೈದಕ್ಕೋ ಸಿಕ್ಕಿಬೀಳುತ್ತಿದ್ದಳು. ಒಂದು ಸಲ ಸಿಕ್ಕ ಗಾಬರಿಯಲ್ಲಿ ಜಪಮಾಲೆಯ ಸಮೇತ ಬಲಗೈ ದೊಡ್ಡ ಗುಂಡಿಯ ಮೇಲೆ ಬಿತ್ತು. ಒಬ್ಬ ರಾಕ್ಷಸ ಉರುಳಿದ. ಅದರ ಪ್ರಾಯಶ್ಚಿತ್ತಕ್ಕೆ ಅಂದು ಅವಳು ತುಪ್ಪ ಮುಟ್ಟಲಿಲ್ಲ.

"ಎಡಕ್ಕ ತಿರಗ್ರಿ ಅತ್ತಿ! ಎಡಕ್ಕ!" ಎಂದು ಸೊಸೆ ಕೂಗುತ್ತಿದ್ದಳು.

"ಅಪ್ರದಕ್ಷಿಣಿ ಆಗ್ತೈತಿ. ಜನ್ಮದಾಗ ನಾ ಬಸದಿ ಎಡಕ್ಕ ಸುತ್ತಿಲ್ಲ."

"ಅದು ಬಸದಿ ಅಲ್ರಿ, ಕಂಬ!"

"ನಿನಗ ಕಂಬ."

ಪ್ರಿಯದರ್ಶನಿ ನಕ್ಕುಬಿಡುತ್ತಿದ್ದಳು. ಗುಂಡು ಹಾರಿಸದವಳು ಅಪ್ರದಕ್ಷಿಣೆ ಹಾಕದಿದ್ದರೆ ಆಶ್ಚರ್ಯವೇನು? ಶ್ರಾವಣ ಹೋಯಿತು, ಭಾದ್ರಪದ ಬಂತು. ಬಸದಿಯ ಪರ್ಯೂಷಣದ ಹಾಡು ಮಗ್ಗದ ಸದ್ದಿನೊಳಗೆ ಬೆರೆತು ಕಿಟಕಿಯವರೆಗೆ ಬಂತು. ಚಂಪಾಬಾಯಿ ಮೇಲೆಯೇ ಇದ್ದಳು.

ಒಂದು ಮಧ್ಯಾಹ್ನ ಗುಂಡಿಗಳ ಧೂಳು ಒರೆಸುವಾಗ ಪ್ರಿಯದರ್ಶನಿಯ ಕೈ ನಿಂತಿತು. ಕೆಂಪು ಟಿಕಲಿ ಸವೆದು ಬಿಳಿಚಿಕೊಂಡಿತ್ತು. ನೀಲಿಯ ಅಂಚು ಎದ್ದಿತ್ತು. ಹಳದಿ ಅರ್ಧ ಹರಿದಿತ್ತು. ಹಸಿರು ಮಾತ್ರ ಹಾಳೆಯಿಂದ ಈಗ ತೆಗೆದಷ್ಟು ಹೊಸದಾಗಿ ಹೊಳೆಯುತ್ತಿತ್ತು.

ಅವಳು ಅತ್ತೆಯ ಪಕ್ಕದಲ್ಲಿ ಕುಳಿತಳು. "ಅತ್ತಿ, ಕೋಪ ಮಾಡ್ಕೋಬ್ಯಾಡ್ರಿ. ಅಪ್ರದಕ್ಷಿಣಿ ಅಂತ ತಿರಗವಲ್ರೋ, ಬೆರಳ ಏಳವಲ್ದೋ?"

ಚಂಪಾಬಾಯಿ ಕಿಟಕಿಯ ಕಡೆ ನೋಡಿದಳು.

"ಏಳವಲ್ದು," ಎಂದಳು. "ಮೊದಲನೇ ದಿನದಿಂದ ಎದ್ದಿಲ್ಲ. ನಿಮ್ಮ ಮಾವನವರಿಗಿ ಹೇಳಬ್ಯಾಡ."

"ಮತ್ತ ಇಷ್ಟ ದಿನ ದೇವರ ಹೆಸರ ಹೇಳಿದ್ರಲ್ಲ!"

"ಮಹಾರಾಜ್ರು ದೀಪಾವಳಿಗಿ ಹೊಂಟಾರ, ಪ್ರಿಯಾ. ಬೆರಳ ಸತ್ತೈತಿ ಅಂತ ಬಾಯಿಲೆ ಹೆಂಗ ಹೇಳ್ಲಿ?"

ಸೊಸೆ ಆ ಬೆರಳನ್ನು ತನ್ನ ಕೈಯಲ್ಲಿ ಹಿಡಿದು ಹಸಿರು ಟಿಕಲಿಯ ಮೇಲಿಟ್ಟು ಒತ್ತಿದಳು. ಪರದೆಯ ಮನುಷ್ಯ ಎಡಕ್ಕೆ ಹೊರಳಿದ. ಬಿಟ್ಟಳು. ಮತ್ತೆ ಒತ್ತಿದಳು.

ಅಂದಿನಿಂದ ಚಂಪಾಬಾಯಿ ರಾಕ್ಷಸರು ಬರುವ ಮೊದಲಿನ ಖಾಲಿ ಹೊತ್ತಿನಲ್ಲಿ ಎಡಕ್ಕೆ ತಿರುಗುವುದನ್ನೇ ಅಭ್ಯಾಸ ಮಾಡಿದಳು. ಕಂಬದ ಹತ್ತಿರ ಅಲ್ಲ, ಮೂಲೆಯಲ್ಲಿ. ಕಂಬದ ವಿಷಯದಲ್ಲಿ ಅವಳು ನಿಜವಾಗಿಯೂ ಹಟ ಬಿಟ್ಟಿರಲಿಲ್ಲ. ಮೊದಲು ಬೆರಳಿನ ಬದಲು ಇಡೀ ಮುಂಗೈ ಬಗ್ಗುತ್ತಿತ್ತು. ಪ್ರಿಯದರ್ಶನಿ ಮುಂಗೈ ಹಿಡಿದುಕೊಳ್ಳುತ್ತಿದ್ದಳು. ಎರಡು ವಾರದ ಮೇಲೆ ಬೆರಳು ತಾನಾಗಿ ಒಂದು ಸಲ ಕೆಳಗಿಳಿಯಿತು. ಇಡೀ ದಿನದಲ್ಲಿ ಅದೊಂದೇ ಸಲ. ನವರಾತ್ರಿಯ ಹೊತ್ತಿಗೆ ಹತ್ತಕ್ಕೆ ಆರು ಸಲ ಇಳಿಯುತ್ತಿತ್ತು. ಕಂಬವನ್ನು ಎಡಕ್ಕೆ ಸುತ್ತದೆ, ಬರೀ ಎಡದ ಬಯಲಿಗೆ ಹೊರಳಿ ಅವಳು ತಪ್ಪಿಸಿಕೊಂಡಾಗ ಆಟ ನಾಲ್ಕು ನಿಮಿಷ ದಾಟಿತು. ಆಮೇಲೆ ರಾಕ್ಷಸರು ಮತ್ತೆ ಸುತ್ತುವರಿದರು, ಈ ಸಲ ಮೂಲೆಯಲ್ಲಿ.

ದೀಪಾವಳಿಗೆ ಐದು ದಿನ ಇರುವಾಗ ಮುನಿಗಳು ಅವರ ಬಾಗಿಲ ಮುಂದೆ ನಿಂತರು. ಆ ದಿನ ಮಗ ವೈಭವ ತಾನು ದುಡಿಯುವ ಶಿರೋಳಿಯ ಕಾರ್ಖಾನೆಗೆ ರಜೆ ಹಾಕಿ, ಅವಳನ್ನು ತೋಳು ಹಿಡಿದು ಮೆಟ್ಟಿಲು ಇಳಿಸಿದ್ದ. ಏಳು ತಿಂಗಳ ಮೇಲೆ ಅವಳು ತನ್ನ ಅಡುಗೆಮನೆಯ ನೆಲ ಮುಟ್ಟಿದ್ದಳು. ಮಡಿ ಸೀರೆ ಉಟ್ಟಿದ್ದಳು.

"ನಮೋಸ್ತು ಮಹಾರಾಜ್," ಎಂದು ಎಲ್ಲರೂ ಕರೆದರು. ಮುನಿಗಳು ಒಳಗೆ ಬಂದರು, ಅಂಗೈ ಜೋಡಿಸಿದರು. ಆಬಾಸಾಹೇಬರು ಅನ್ನ ಕೊಟ್ಟರು, ಪ್ರಿಯದರ್ಶನಿ ಬೇಳೆ ಕೊಟ್ಟಳು. ಓಣಿಯ ಜನ ಸುತ್ತ ನಿಂತಿದ್ದರು. ಹಿಂದೆ ಜನ, ಮುಂದೆ ಮುನಿಗಳು, ಬಲಕ್ಕೆ ಗೋಡೆ. ಚಂಪಾಬಾಯಿ ಕುರ್ಚಿಯಿಂದ ಎದ್ದು ಬಿಸಿನೀರಿನ ತಂಬಿಗೆ ಎತ್ತಿಕೊಂಡಳು.

ಆಬಾಸಾಹೇಬರ ಮುಖ ಬಿಳುಚಿತು. ಮುನಿಗಳ ಮುಂದೆ ಅವರು ಮಾತಾಡುವಂತಿರಲಿಲ್ಲ.

ಒಂದು ಬೊಗಸೆ ನೀರು ಹಾಕಿದಳು. ಮುನಿಗಳು ಕುಡಿದರು. ಇನ್ನೊಂದು ಹಾಕಿದಳು. ಮೂರನೆಯದು ಅರ್ಧವಾದಾಗ ಉಂಗುರಬೆರಳು ತಂಬಿಗೆಯ ಬುಡದಿಂದ ಸರಿಯತೊಡಗಿದ್ದು ಅವಳಿಗೆ ತಿಳಿಯಿತು. ಮೊದಲಾಗಿದ್ದರೆ ಬಿದ್ದ ಮೇಲೇ ತಿಳಿಯುತ್ತಿತ್ತು. ಈಗ ಬೆರಳು ಹೇಳುತ್ತಿತ್ತು. ಅದನ್ನು ಇನ್ನೊಮ್ಮೆ, ಹಸಿರು ಟಿಕಲಿಯ ಮೇಲೆ ಒತ್ತಿದ ಹಾಗೆ, ಲೋಹಕ್ಕೆ ಒತ್ತಿದಳು. ಬೊಗಸೆ ತುಂಬಿತು. ಅಷ್ಟಕ್ಕೇ ಅವಳು ಎಡಕ್ಕೆ ತಿರುಗಿದಳು. ಅಲ್ಲಿ ಪ್ರಿಯದರ್ಶನಿಯ ಎರಡು ಕೈಗಳು ಮೊದಲೇ ಚಾಚಿದ್ದವು. ತಂಬಿಗೆ ಆ ಕೈಗಳಿಗೆ ಹೋಯಿತು. ಮುನಿಗಳ ಆಹಾರ ನಿಲ್ಲಲಿಲ್ಲ.

ಕುರ್ಚಿಯಲ್ಲಿ ಕುಳಿತ ಮೇಲೆ ಅವಳು ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಮುನಿಗಳು ಹೋದ ಮೇಲೆ ಆಬಾಸಾಹೇಬರು ಹತ್ತಿರ ಬಂದರು. ಬೈಯುತ್ತಾರೆಂದು ಅವಳು ಕಾದಳು.

"ಮೂರ ಬೊಗಸಿ ಹಾಕಿದಿ," ಎಂದರು. ತಂಬಿಗೆಯನ್ನು ಬದಿಗಿಟ್ಟು, "ನನ್ನ ಜೀವಾ ಅರ್ಧಾ ಆತ," ಎಂದು ನೂಲಿನ ಕೋಣೆಗೆ ಹೋದರು.

ಮಧ್ಯಾಹ್ನ ವೈಭವ ಅವಳನ್ನು ಮತ್ತೆ ಮೇಲೆ ಹತ್ತಿಸಿದ. ಇಳಿಯುವುದಕ್ಕಿಂತ ಹತ್ತುವುದು ಕಷ್ಟವಾಯಿತು. ನಡುವೆ ಎರಡು ಸಲ ಕುಳಿತಳು. ಕೋಣೆ ಹಾಗೆಯೇ ಇತ್ತು: ಮಂಚ, ತಗಡು ಕಾಣುವ ಕಿಟಕಿ, ಗೋಡೆಯೊಳಗಿನ ಖಟಖಟ. ಇನ್ನು ಮುಂದೆ ಯಾವಾಗ ಇಳಿಯುವುದೋ ಗೊತ್ತಿರಲಿಲ್ಲ.

"ಇವತ್ತರ ಮಲಕೋರಿ ಅತ್ತಿ," ಎಂದಳು ಪ್ರಿಯದರ್ಶನಿ.

"ಕಂಪ್ಯೂಟರ ಚಾಲೂ ಮಾಡ. ಮುಂದಿನ ಚಾತುರ್ಮಾಸಕ್ಕ ಎಂಟ ತಿಂಗಳ ಅದಾವ. ಮೂರ ಬೊಗಸಿಗಿ ಮಹಾರಾಜ್ರ ನೀರಡಿಕಿ ಹೋಗತೈತೇನ?"

ಕೋಣೆ ಪರದೆಯ ಮೇಲೆ ಮೂಡಿತು. ಚಂಪಾಬಾಯಿ ಬಲಗೈಗೆ ಜಪಮಾಲೆ ತೆಗೆದುಕೊಂಡು ಎಡಗೈಯನ್ನು ಗುಂಡಿಗಳ ಮೇಲಿಟ್ಟಳು, ನಂತರ ಕಣ್ಣು ಕಿರಿದು ಮಾಡಿ ನೋಡಿದಳು.

"ಹಸರ ಟಿಕಲಿ ಎಲ್ಲಿ ಹೋತ?"

"ಸವದ ಉದರೈತಿ, ನಿನ್ನೇನ," ಎಂದು ಸೊಸೆ ಹಾಳೆಯಿಂದ ಹೊಸದೊಂದನ್ನು ಬಿಡಿಸಿ ಅಂಟಿಸಿದಳು. "ಬೇಗ ಬೆರಳಿಡ್ರಿ. ಬಂದ್ರು ನೋಡ್ರಿ, ನಾಕೂ ಕಡಿಯಿಂದ."